‘ಉತ್ತಮ’ಕ್ಕೆ ಟಿಕ್ ಹಾಕಿಸಿದವನು

ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಬದಲಾಗಿದೆ. ಮೊದಲು ಟಪಟಪ ಒಂದೇ ಸಮ ಕೇಳುತ್ತಿತ್ತು. ಈಗ ಒಂದು ಗಟ್ಟಿ, ಒಂದು ಮೆತ್ತಗೆ. ತಂಗಿ ನೀಲವ್ವನ ಬಲಗೈಯಲ್ಲಿ ಎರಡು ಬೆರಳಿಲ್ಲ.

ಇಷ್ಟು ವಾರ ಈ ಅಂಕಣದಲ್ಲಿ ಇದನ್ನು ನಿಮಗೆ ಹೇಳಿರಲಿಲ್ಲ. ಊರವರ ತಪ್ಪೆಲ್ಲ ಬರೆದೆ, ನನ್ನದನ್ನು ಬಿಟ್ಟೆ.

ನಮ್ಮದು ತೊಗರಿ ರಾಶಿ ಮಾಡುವ, ಅಂದರೆ ಕಾಳು ಬಿಡಿಸುವ ಮಷಿನ್. ಸಿಂದಗಿ, ಇಂಡಿ ಕಡೆಯ ಹೊಲಗಳಿಗೆ ಬಾಡಿಗೆಗೆ ಹೋಗುತ್ತದೆ. ತಿರುಗುವ ಬೆಲ್ಟಿನ ಮೇಲೆ ತಗಡಿನ ಕವರ್ ಇರಬೇಕು. ಇದ್ದರೆ ಹೊಟ್ಟು ಸಿಕ್ಕಿಕೊಳ್ಳುತ್ತದೆ, ಕೆಲಸ ನಿಲ್ಲುತ್ತದೆ. ಅದಕ್ಕೆ ಬಿಚ್ಚಿಡುತ್ತಿದ್ದೆವು. ಎಲ್ಲರೂ ಬಿಚ್ಚಿಡುತ್ತಾರೆ. ತಪಾಸಣೆಯ ದಿನ ಮಾತ್ರ ಹಾಕುತ್ತಿದ್ದೆವು. (ದಸರೆಯ ಪೂಜೆಗೂ. ಫೋಟೋ ಚಂದ ಬರುತ್ತದೆ.)

ಹೋದ ವರ್ಷ ತಪಾಸಣೆಗೆ ಬಂದ ಸಾಹೇಬರು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಫಾರ್ಮಿನಲ್ಲಿ ‘ಸುರಕ್ಷತೆ’ಯ ಮುಂದೆ ಮೂರು ಚೌಕ: ಉತ್ತಮ, ಸಾಧಾರಣ, ಕಳಪೆ.

“ಯಾವುದಕ್ಕ ಟಿಕ್ ಹಾಕ್ಲಿ?”

“ಉತ್ತಮಕ್ಕ ಹಾಕ್ರಿ ಸಾಹೇಬ್ರ.”

ಹಾಕಿದರು. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ನನ್ನ ಪೇಪರಿಗೆ ನಾನೇ ಮಾರ್ಕ್ಸ್ ಹಾಕಿಕೊಂಡದ್ದು ಅದೇ ಮೊದಲು. ಸಂಜೆ ಕವರ್ ಬಿಚ್ಚಿದೆ.

ಮರುವಾರ ಯಂಕಂಚಿಯ ಹೊಲದಲ್ಲಿ ರಾಶಿ. ನೀಲವ್ವ, ಅಲ್ಲಿದ್ದ ಎಲ್ಲ ಹೆಂಗಸರಂತೆ, ದೂಳಿಗೆಂದು ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟಿದ್ದಳು. ನನ್ನದೇ ಹಳೆಯ ಅಂಗಿ. ಬೆಲ್ಟಿನ ಹತ್ತಿರದ ಹೊಟ್ಟು ಸರಿಸಲು ಕೈ ಚಾಚಿದಳು. ಉದ್ದ ತೋಳು. ಮುಂದಿನದು ಬರೆಯಲಾರೆ.

ಮೊನ್ನೆ ಅದೇ ಸಾಹೇಬರು, ಅದೇ ಕುರ್ಚಿ, ಅದೇ ಫಾರ್ಮು. (ಕವರ್ ಈಗ ಬಿಚ್ಚುವುದಿಲ್ಲ. ಈಗ.)

“ಏನು ಹಾಕ್ಲಿ?” ಎಂದು ಮತ್ತೆ ನನ್ನನ್ನೇ ಕೇಳಿದರು.

ಚಹಾ ತಂದ ನೀಲವ್ವ ನಡುವೆ ಬಾಯಿ ಹಾಕಿದಳು. “ಉತ್ತಮ ಅಂದ್ರ ಏನ್ರಿ ಸಾಹೇಬ್ರ?”

“ಅದೇನ ಬರದಿಲ್ಲವ್ವಾ ಇದರಾಗ. ನೋಡಿ ಹಾಕೂದು.”

“ನೋಡಾಕ ಕುರ್ಚಿ ಬಿಟ್ಟು ಏಳಬೇಕಲ್ರಿ. ನಾ ಹೇಳ್ತೇನಿ, ಬರ್ಕೋರಿ. ಮಷಿನ್ ತಿರಗುವಾಗ ಯಾರ ಕೈನೂ ಬೆಲ್ಟಿಗೆ ಮುಟ್ಟಬಾರ್ದು. ಮುಟ್ಟತೈತಿ ಅಂದ್ರ ಅದು ಉತ್ತಮ ಅಲ್ಲ, ನಮ್ಮಣ್ಣ ಏನರ ಅನ್ನಲಿ.”

ಅವಳು ನನ್ನ ಕಡೆ ನೋಡಲಿಲ್ಲ. ಸಾಹೇಬರು ಪೆನ್ನು ಹಿಡಿದು ಫಾರ್ಮನ್ನು ಹಿಂದೆ ಮುಂದೆ ತಿರುಗಿಸಿದರು. ಅಷ್ಟು ಬರೆಯಲು ಅದರಲ್ಲಿ ಜಾಗವಿರಲಿಲ್ಲ.

ಫಾರ್ಮಿಗೆ ಜಾಗವಿಲ್ಲ, ಸರಿ. ಹೋದ ವರ್ಷ ಇದನ್ನು ಹೇಳಲು ನನಗೆ ಬಾಯಿ ಇರಲಿಲ್ಲವೇ?