ಹಳಸಿದ ಪಟ್ಟಿ

ನಮ್ಮಜ್ಜಿ ತಂಗಳನ್ನು ಎಂದೂ ಬಿಸಾಡಿದವಳಲ್ಲ. ಮೂಸಿ ನೋಡದೆ ಯಾರ ತಟ್ಟೆಗೂ ಹಾಕಿದವಳೂ ಅಲ್ಲ. ತರೀಕೆರೆ ಬಸ್‌ಸ್ಟ್ಯಾಂಡಿನ ಎದುರು ಯಜಮಾನರೊಬ್ಬರ ವಧೂವರರ ವೆಬ್‌ಸೈಟು ನೋಡಿಕೊಳ್ಳುತ್ತಿದ್ದಾಗ ಅವಳು ದಿನವೂ ನೆನಪಾಗುತ್ತಿದ್ದಳು.

ಭಾನುವಾರ ಬಂತೆಂದರೆ ಕಡೂರು, ಅಜ್ಜಂಪುರದ ಕಡೆಯವರೆಲ್ಲ ಒಟ್ಟಿಗೇ ಸೈಟು ತೆರೆಯುತ್ತಿದ್ದರು. ಒಬ್ಬೊಬ್ಬರಿಗೂ ಹೊಸದಾಗಿ ವಧೂವರರ ಪಟ್ಟಿ ಕಟ್ಟಿಕೊಟ್ಟು ಸರ್ವರ್ರು ಏದುಸಿರು ಬಿಟ್ಟು ಮಲಗಿಬಿಡುತ್ತಿತ್ತು. ಅದಕ್ಕೆ ನಾನು ಕ್ಯಾಶಿಂಗ್ ಅಳವಡಿಸಿದೆ: ಪಟ್ಟಿಯನ್ನು ಒಮ್ಮೆ ಕಟ್ಟಿ ಮೆಮೊರಿಯಲ್ಲಿಟ್ಟು, ಬಂದವರಿಗೆಲ್ಲ ಅದೇ ಪ್ರತಿಯನ್ನು ಬಡಿಸುವುದು. ಸೈಟು ಚಿಗರೆಯಂತೆ ಓಡಿತು. ಯಾರಾದರೂ ಹೆಸರು ತೆಗೆಸಿದರೆ ಆ ಪ್ರತಿಯನ್ನು ಕೂಡಲೇ ಎಸೆದು ಹೊಸದು ಕಟ್ಟುವಂತೆಯೂ ಬರೆದಿದ್ದೆ. ಯಜಮಾನರು ಹಟ ಹಿಡಿದು ಅದನ್ನು ತೆಗೆಸಿದರು. "ತಿಂಗಳಿಗೊಂದ್ಸಲ ಬದ್ಲಾಯಿಸಿದ್ರೆ ಸಾಕು ಕಣ್ರೀ. ಪಟ್ಟಿ ತುಂಬಿದಂಗೆ ಕಾಣ್ಲಿ."

ಹಿಂದೆ ವೀಳ್ಯ ಬದಲಾಯಿಸಿ ಮದುವೆ ಗಟ್ಟಿಯಾದ ಕೂಡಲೇ ದಲ್ಲಾಳಿ ಹುಡುಗಿಯ ಫೋಟೊ, ಜಾತಕ ತಂದು ಅವಳ ಮನೆಗೇ ಒಪ್ಪಿಸುತ್ತಿದ್ದ. ಆಮೇಲೂ ಆ ಫೋಟೊ ಇನ್ನೊಂದು ಮನೆಯಲ್ಲಿ ಕಂಡರೆ ಹೆಣ್ಣಿನವರು ಮಾತು ತಪ್ಪಿದಂತೆ.

ಹಿರೇನಲ್ಲೂರಿನ ಹುಡುಗಿಯೊಬ್ಬಳು ಮೆಟ್ಟಿಲು ಹತ್ತಿ ಬಂದಳು. "ಅಣ್ಣಾ, ವೀಳ್ಯದ ದಿನಾನೇ ಹೆಸ್ರು ತೆಗ್ಸಿದೀನಿ. ಫೋಟೊ ಇನ್ನೂ ಐತೆ. ಹುಡುಗನ ಅಪ್ಪ, ಅಜ್ಜಂಪುರದ ಮಾವ, 'ಇನ್ನೂ ಗಂಡು ಹುಡುಕ್ತಿದೀಯೇನಮ್ಮ' ಅಂತಾರೆ."

ಯಜಮಾನರು ಹಲ್ಲಿಗೆ ಕಡ್ಡಿ ಹಾಕಿಕೊಂಡೇ ನಕ್ಕರು. "ಇರ್ಲಿ ಬಿಡಮ್ಮ, ಲಕ್ಷಣವಾದ ಮುಖ. ನಾಕು ಜನ ನೋಡ್ತಾರೆ."

ಹಳಸಿದ ಸಾರಿನ ಮುಚ್ಚಳ ತೆಗೆದಂತಾಯಿತು ನನಗೆ. ಅವರೆದುರೇ ಹಳೇ ಪ್ರತಿಯನ್ನು ಅಳಿಸಿ, ಅವರು ತೆಗೆಸಿದ್ದ ಕೋಡಿನ ಸಾಲನ್ನೂ ಮತ್ತೆ ಸೇರಿಸಿದೆ. ಹುಡುಗಿ ಅಲ್ಲಿಂದಲೇ ಭಾವೀ ಮಾವನಿಗೆ ಸ್ಪೀಕರ್‌ನಲ್ಲಿ ಫೋನು ಮಾಡಿದಳು.

"ಮಾವಾ, ಈಗ ನೋಡಿ."

"ಈಗಿಲ್ಲ, ಸರಿ ಕಣಮ್ಮ. ನಿನ್ನೆ ಯಾಕಿತ್ತು?"

"ಇವ್ರ ಮಿಷಿನ್ನು ಹಳೇದನ್ನೇ ತೋರಿಸ್ತಿತ್ತು."

"ಮಿಷಿನ್ನಿಗೇನು ಗೊತ್ತು? ನೀನೇ ಇಡ್ಸಿರ್ಬೇಕು. ನಮ್ಮುಡುಗನ್ಗಿಂತ ಒಳ್ಳೇವ್ನು ಸಿಗ್ತಾನೇನೋ ಅಂತ."

ಅವಳ ಮುಖ ಕೆಂಪಗಾಯಿತು. ದನಿ ಮಾತ್ರ ಅಲುಗಲಿಲ್ಲ. "ಹಂಗಾದ್ರೆ ನಿಮ್ ವೀಳ್ಯ ನಿಮ್ ಮನೆಗೇ ವಾಪಸ್ ಬತ್ತೈತೆ ಬಿಡಿ. ದಿನಾ ಅನುಮಾನ ಉಣ್ಣೋಕೆ ನಾನು ಬರಲ್ಲ."

ಫೋನಿಟ್ಟು ಅವಳು ಬಾಗಿಲು ದಾಟಿರಲಿಲ್ಲ, ಯಜಮಾನರು ನನ್ನ ಕಡೆ ಬಗ್ಗಿದರು. "ಮುರ್ದೋಯ್ತಲ್ಲ, ಇನ್ನೇನು! ಫೋಟೊ ವಾಪಸ್ ಹಾಕ್ಬಿಡ್ರೀ."

ಥೂ! ಅವರು ತರಿಸಿಕೊಟ್ಟಿದ್ದ ಚಹಾ ನನ್ನ ಬಾಯಲ್ಲೇ ಇತ್ತು. ಕಿಟಕಿಯಿಂದಾಚೆ ಉಗುಳಿ, ಹುಡುಗಿಯ ಹಿಂದೆಯೇ ನಾನೂ ಮೆಟ್ಟಿಲಿಳಿದೆ.