ಅಸಿಮಿಲೇಟ್ ಎಂದು ನಾನು ಬರೆದದ್ದು

ನಿವೃತ್ತಿಗೆ ಇನ್ನು ಮೂರು ವರ್ಷ ಇದ್ದಾಗ ನಾನು ಕುಮಟಾದಲ್ಲಿ ಒಂದು ಪರಿಹಾರ ಸಂಸ್ಥೆಯ ಭಾಷಾಂತರಕಾರ್ತಿಯಾಗಿದ್ದೆ. ಕಡಲ್ಕೊರೆತದಲ್ಲಿ ಮನೆ ಕಳೆದುಕೊಂಡವರಿಗೆ ಸಂಸ್ಥೆ ನೆರವಾಗುತ್ತಿತ್ತು. ಫಾರ್ಮುಗಳೆಲ್ಲ ಇಂಗ್ಲಿಷಿನಲ್ಲಿ, ಜನ ಉತ್ತರ ಕೊಡುವುದು ಕನ್ನಡದಲ್ಲೋ ಕೊಂಕಣಿಯಲ್ಲೋ. ಅವರ ಮಾತನ್ನು ಕಾಲಂಗಳಿಗೆ ಇಳಿಸುವುದು ನನ್ನ ಕೆಲಸ.

ಹೊನ್ನಾವರದ ಹತ್ತಿರ, ಕಾಸರಕೋಡ ಕಡೆಯ ಒಂದು ದಂಡೆಯಿಂದ ಒಂಬತ್ತು ಕುಟುಂಬಗಳನ್ನು ಒಳನಾಡಿನ ಊರೊಂದಕ್ಕೆ ಸ್ಥಳಾಂತರಿಸಿದ್ದರು. ಸುತ್ತಲೂ ಗದ್ದೆ, ತೆಂಗಿನ ತೋಟ. ಆ ಒಂಬತ್ತರಲ್ಲಿ ದೇವಕಿಯದೂ ಒಂದು. ಅರವತ್ತರ ಹತ್ತಿರದ ವಿಧವೆ, ಮೀನು ಒಣಗಿಸಿ ಮಾರಿ ಬದುಕಿದವಳು. ಬಂದರಿನಿಂದ ಹಸಿ ಮೀನು ತರಲು ಸಂಸ್ಥೆ ಪ್ರತಿ ಬೆಳಿಗ್ಗೆ ಈ ಕುಟುಂಬಗಳ ಹೆಂಗಸರಿಗೆ ಒಂದು ಟೆಂಪೋ ಕೊಟ್ಟಿತ್ತು.

ವರ್ಷ ಕಳೆದ ಮೇಲೆ ಸಮೀಕ್ಷೆಗೆ ಹೋದೆ. ಹದಿನಾಲ್ಕನೆಯ ಕಾಲಂನಲ್ಲಿ, ಕುಟುಂಬ ಹೊಸ ಊರಿನಲ್ಲಿ ‘ಅಸಿಮಿಲೇಟ್’ ಆಗಿದೆಯೇ ಎಂಬ ಪ್ರಶ್ನೆ. ತಿಂದ ಅನ್ನ ಮೈಗೆ ಹತ್ತುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಕ್ರಿಯಾಪದ. ಓದಿದ್ದು ಅರಗಿ ನಮ್ಮದಾಗುವುದಕ್ಕೂ ಅದೇ. ಹೊರಗಿನಿಂದ ಬಂದವರು ಊರಿನವರಲ್ಲಿ ಒಂದಾಗುವುದಕ್ಕೂ ಅದೇ. ನಾನು ರೂಢಿಯಂತೆ ಅದನ್ನು ‘ಹೊಂದಿಕೊಳ್ಳುವುದು’ ಎಂದು ಮಾಡಿಕೊಂಡಿದ್ದೆ.

"ದೇವಕಕ್ಕ, ಇಲ್ಲಿಗೆ ಹೊಂದಿಕೊಂಡ್ರಾ?"

"ಹೊಂದ್ಕಂಡೆ ಅಕ್ಕೋರೆ. ಹೊಂದ್ಕಳ್ಳದೆ ಎಂತ ಮಾಡೂದು?"

ಮೊದಲ ವಾಕ್ಯವನ್ನು ತೆಗೆದುಕೊಂಡೆ, ಎರಡನೆಯದನ್ನು ಬಿಟ್ಟೆ. ಕಾಲಂನಲ್ಲಿ ಒಂದೇ ಶಬ್ದಕ್ಕೆ ಜಾಗವಿತ್ತು. ನನಗೆ ಕಣ್ಣಿರಲಿಲ್ಲವೆಂದಲ್ಲ. ನೆರೆಯವರು ವಾಸನೆಯೆಂದು ಜಗಳ ತೆಗೆದದ್ದಕ್ಕೆ ಅವಳು ಮೀನನ್ನು ಮನೆಯ ಹಿಂದೆ, ಬಿಸಿಲು ಸರಿಯಾಗಿ ಬೀಳದ ಸಂದಿಯಲ್ಲಿ ಹರವಿದ್ದಳು. ಊರಿನವರೆಲ್ಲ ಮುಗಿಸಿದ ಮೇಲೆ ಕೊಡಪಾನ ಹಿಡಿದು ಬಾವಿಗೆ ಹೋಗುತ್ತಿದ್ದಳು. ಪಾಪ, ಎಷ್ಟು ಚೆನ್ನಾಗಿ ಹೊಂದಿಕೊಂಡಿದ್ದಾಳೆ ಎಂದುಕೊಂಡು ‘ಅಸಿಮಿಲೇಟೆಡ್’ ಎಂದು ಬರೆದೆ. ಉಳಿದ ಎಂಟು ಮನೆಗಳಿಗೂ ಹಾಗೆಯೇ ಬರೆದೆ.

ಹಾಗೆ ಬರೆಸಿಕೊಂಡ ಕುಟುಂಬಕ್ಕೆ ನೆರವು ನಿಲ್ಲುತ್ತದೆ ಎಂಬ ನಿಯಮ ನನಗೆ ಗೊತ್ತಿತ್ತು. ಬರೆಯುವ ಹೊತ್ತಿಗೆ ಅದು ತಲೆಯಲ್ಲಿರಲಿಲ್ಲ. ಇದಕ್ಕಿಂತ ದೊಡ್ಡ ಸಮರ್ಥನೆ ನನ್ನಲ್ಲಿ ಇಲ್ಲ.

ಮುಂದಿನ ತಿಂಗಳು ಟೆಂಪೋ ನಿಂತಿತು. ಆ ಊರಿನ ಮೊದಲ ಬಸ್ಸು ಹೊನ್ನಾವರ ಮುಟ್ಟುವಷ್ಟರಲ್ಲಿ ಬಂದರಿನಲ್ಲಿ ಮೀನಿನ ಹರಾಜು ಮುಗಿದಿರುತ್ತಿತ್ತು. ವಿಷಯ ತಿಳಿದು ನಾನು ಕಾರ್ಯಕ್ರಮಾಧಿಕಾರಿಯ ಬಳಿಗೆ ಓಡಿದೆ.

"ವರದಿ ಹೋಗಿ ಆಯ್ತು ಮೇಡಂ," ಎಂದರು ಅವರು. "ಒಂದು ಶಬ್ದಕ್ಕೋಸ್ಕರ ಮತ್ತೆ ಸಮೀಕ್ಷೆ ಮಾಡಲಿಕ್ಕೆ ಆಗೂದಿಲ್ಲ."

ಸಂಸ್ಥೆಯ ಮುಖ್ಯ ಕಚೇರಿಗೆ ಎರಡು ಪತ್ರ ಬರೆದೆ. ಉತ್ತರ ಬರಲಿಲ್ಲ. ಮಳೆಗಾಲ ಕಳೆದ ಮೇಲೆ ಆ ಊರಿಗೆ ಹೋದರೆ ದೇವಕಿಯ ಮನೆಗೆ ಬೀಗ. ಪಕ್ಕದ ಮನೆಯ ಹೆಂಗಸು ಅಂಗಳ ಗುಡಿಸುತ್ತಿದ್ದಳು.

"ಅವ್ರು ಹೋದ್ರು. ಚಲೋ ಆತು, ಎಂತಾ ನಾತ ಅಂದ್ರಿ!" ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ, ಬರೀ ಸಮಾಧಾನವಿತ್ತು.

ದೇವಕಿ ಹಳೆಯ ದಂಡೆಯಲ್ಲೇ ಸಿಕ್ಕಳು, ಒಂದು ತಾಡಪಾಲಿನ ಕೆಳಗೆ. ಅಲೆ ಹತ್ತು ಹೆಜ್ಜೆಯಲ್ಲಿ ಒಡೆಯುತ್ತಿತ್ತು. ತಪ್ಪು ನನ್ನದೆಂದು ಹೇಳಿದೆ.

"ನಿಮ್ದೆಂತ ತಪ್ಪು ಅಕ್ಕೋರೆ? ನೀವು ಕೇಳಿದ್ರಿ, ನಾನೇ ಹೌದು ಅಂದೆ," ಎಂದು ಅವಳು ಕೂತುಕೊಳ್ಳಲು ಮಣೆ ಕೊಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುವರ್ಷದ ಮಳೆಗೆ ಆ ದಂಡೆಯೂ ಹೋಯಿತು. ಭಟ್ಕಳದಲ್ಲಿ ಯಾರದೋ ಮನೆ ಸೇರಿದಳೆಂದು ಒಬ್ಬರು, ಇಲ್ಲವೆಂದು ಇನ್ನೊಬ್ಬರು. ಭಟ್ಕಳದಲ್ಲಿ ಹುಡುಕಿದೆ, ಸಿಗಲಿಲ್ಲ.

ಈ ಕ್ರಿಯಾಪದದ ಯಾವ ಅರ್ಥ ಹಿಡಿದರೂ ಒಳಗೆ ತೆಗೆದುಕೊಳ್ಳುವ ಒಂದು ಮೈಯೋ, ಮನಸ್ಸೋ, ಊರೋ ಇರಲೇಬೇಕು ಎಂಬುದು ನನಗೆ ತಡವಾಗಿ ಹೊಳೆಯಿತು. ನಾನು ಬಂದವಳನ್ನು ಮಾತ್ರ ಕೇಳಿದ್ದೆ, ಊರನ್ನು ಕೇಳಿರಲಿಲ್ಲ. ಆಮೇಲೆ ಸೇವೆಯಲ್ಲಿದ್ದಷ್ಟು ಕಾಲ, ಆ ಕಾಲಂ ತುಂಬುವ ಮೊದಲು ಪಕ್ಕದ ಮನೆಯ ಬಾಗಿಲನ್ನೂ ತಟ್ಟುತ್ತಿದ್ದೆ. ಹೊಸಬರ ಬಗ್ಗೆ ಕೇಳಿದರೆ ಹೆಚ್ಚಿನವರು ತಿರುಗಿ ನನ್ನನ್ನೇ ಕೇಳುತ್ತಿದ್ದರು: "ಅವ್ರು ಇನ್ನೆಷ್ಟು ದಿವ್ಸ ಇರ್ತ್ರು?"