ಚಂಚಿಯೊಳಗಿನ ಫೋನು

ಹೂವಿನ ಹಿಪ್ಪರಗಿಯಲ್ಲಿ ಯಾರ ಮನೆಯ ಜಗಳವಾದರೂ ಕೊನೆಗೆ ಬಸಂತರಾಯರ ಕಟ್ಟೆಗೇ ಬರುತ್ತಿತ್ತು. ಅಣ್ಣತಮ್ಮಂದಿರ ಬದುವಿನ ತಂಟೆ, ಅತ್ತೆ ಸೊಸೆಯರ ಮುನಿಸು, ಎಲ್ಲವನ್ನೂ ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳುತ್ತಿದ್ದರು. ಎರಡೂ ಕಡೆಯ ಮಾತು ಕೇಳದೆ ತೀರ್ಪು ಹೇಳುವವರಲ್ಲ ಎಂದು ಸುತ್ತಲಿನ ಹಳ್ಳಿಗಳಲ್ಲಿ ಹೆಸರು. ಅಂಥವರು ಒಂದು ಮೊಬೈಲ್ ಫೋನಿನಿಂದ ಹೇಗೆ ಜಾರಿ ಬಿದ್ದರು ಎಂಬುದನ್ನು ಹೇಳುತ್ತೇನೆ. ನಗು ಬಂದರೆ ನಗಿ, ನನಗೂ ಮೊದಲು ನಗುವೇ ಬಂದಿತ್ತು.

ಅದು ಎರಡು ಸಾವಿರದ ಎಂಟನೇ ಇಸವಿ. ಮುದ್ದೇಬಿಹಾಳದಲ್ಲಿ ನೌಕರಿಗಿದ್ದ ಮಗ ಸಂಜೀವಕುಮಾರ ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ನಡುವೆ ಮಾತಾಡಲು ಬೇಕೆಂದು ಅಪ್ಪನಿಗೆ ಫೋನು ಕೊಡಿಸಿದ. ರಾಯರು ಅದನ್ನು ತಮ್ಮ ಚಂಚಿಯಲ್ಲಿ ಇಟ್ಟರು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅಡಕೊತ್ತು, ಅವುಗಳ ಮಗ್ಗುಲಲ್ಲಿ ಫೋನು. ಚೀಲದ ದಾರ ಬಿಗಿದು ಸೊಂಟಕ್ಕೆ ಸಿಗಿಸಿಕೊಂಡರೆ ಕಳೆಯುವ ಭಯವಿಲ್ಲ ಎಂಬುದು ಅವರ ವಿಚಾರ. ಮನೆಯಲ್ಲಿದ್ದಾಗ ಚಂಚಿ ಗೂಟಕ್ಕೆ ನೇತಾಡುತ್ತಿತ್ತು. ಮಗ ಫೋನ್ ಹಚ್ಚಿದರೆ ಸೊಸೆ ಸುವರ್ಣಾ ಎರಡು ಮಾತಾಡಿ ಮತ್ತೆ ಅಲ್ಲೇ ಇಡುತ್ತಿದ್ದಳು.

ಕೆಲವೇ ದಿನಗಳಲ್ಲಿ ಬ್ಯಾಲೆನ್ಸ್ ಸೋರತೊಡಗಿತು. ಹಾಕಿಸಿದ್ದು ಹಾಕಿಸಿದ ಹಾಗೆ ಖಾಲಿ. ರಾಯರು ಯಾರನ್ನೂ ಕೇಳಲಿಲ್ಲ. ಮನಸ್ಸಿನಲ್ಲೇ ಪಂಚರನ್ನು ಕೂಡಿಸಿ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟರು. ಸೊಸೆ ಕದ್ದು ಕನ್ನೊಳ್ಳಿಯ ತವರಿಗೆ ಮಾತಾಡುತ್ತಿದ್ದಾಳೆ!

ಪಂಚಮಿಗೆ ತಂಗಿಯನ್ನು ಕರೆದೊಯ್ಯಲು ಸುವರ್ಣಾಳ ಅಣ್ಣ ಅನೀಲಕುಮಾರ ಬಂದ. ಚಹಾ ಕುಡಿಯುತ್ತಿದ್ದವನಿಗೆ ರಾಯರು ನಗುನಗುತ್ತಲೇ ಅಂದರು:

"ನಿನ್ನ ತಂಗಿಗೆ ತವರಿನ ಹಂಬಲ ಭಾಳ ನೋಡಪಾ. ನನ್ನ ಫೋನಿನ್ಯಾಗ ಏನು ಹಾಕ್ಸಿದ್ರೂ ಕನ್ನೊಳ್ಳಿಗೇ ಹೋಗಾಕತ್ತೈತಿ."

ಅನೀಲಕುಮಾರ ಚಹಾದ ಬಸಿ ಕೆಳಗಿಟ್ಟ. ಬಾಗಿಲ ಮರೆಯಿಂದ ಸುವರ್ಣಾ, "ನಾ ಒಮ್ಮೆನೂ ಹಚ್ಚಿಲ್ರಿ ಮಾವಾರ" ಅಂದಳು.

"ನೋಡಿದ್ಯಾ? ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡಂಗಾತು. ನೀ ಹಚ್ಚಿಲ್ಲಂದ್ರ ಮತ್ತ ಚಂಚಿ ಮಾತಾಡತೈತೇನು?"

ಒಡಹುಟ್ಟಿದವನ ಎದುರಿಗೆ ಕಳ್ಳಿ ಎನಿಸಿಕೊಂಡ ಹುಡುಗಿ ಒಳಗೆ ಹೋಗಿ ಚೀಲ ತುಂಬಿಕೊಂಡಳು. ಅನೀಲಕುಮಾರ ಬಸ್ ಸ್ಟ್ಯಾಂಡಿನಲ್ಲಿ ದಾವಲಮಲಿಕನ ರೀಚಾರ್ಜ್ ಅಂಗಡಿಗೆ ಹೋಗಿ ರಾಯರ ಫೋನಿಗೆ ತಾನೇ ಬ್ಯಾಲೆನ್ಸ್ ಹಾಕಿಸಿ, ತಂಗಿಯೊಡನೆ ಬಸ್ ಹತ್ತಿದ. ಇದು ತಿಳಿದಾಗ, ಎಷ್ಟು ಸೊಕ್ಕು ನೋಡು ಈ ಹುಡುಗನಿಗೆ ಎಂದುಕೊಂಡರು ರಾಯರು.

ಸುವರ್ಣಾ ಕನ್ನೊಳ್ಳಿಯಲ್ಲಿರುವಾಗಲೇ, ಇಲ್ಲಿ ಫೋನು ಮತ್ತೆ ಖಾಲಿಯಾಯಿತು! ಮನೆಯಲ್ಲಿದ್ದವರು ರಾಯರು ಮತ್ತು ಅವರ ಹೆಂಡತಿ ಲಕ್ಕವ್ವ. ಲಕ್ಕವ್ವನಿಗೆ ಫೋನು ಯಾವ ಕಡೆಯಿಂದ ಹಿಡಿಯಬೇಕೆಂಬುದೂ ಗೊತ್ತಿಲ್ಲ. ರಾಯರು ಚಂಚಿ ಹಿಡಿದುಕೊಂಡೇ ದಾವಲಮಲಿಕನ ಅಂಗಡಿಗೆ ಓಡಿದರು.

"ಕಾಕಾರ, ಈ ನಡುವಿನ ಗುಂಡಿ ಒತ್ತಿದ್ರ ಇಂಟರ್ನೆಟ್ ಚಾಲೂ ಆಗ್ತೈತ್ರಿ. ಚಾಲೂ ಆದಾಗೊಮ್ಮೆ ರೊಕ್ಕ ಹೋಗ್ತಾವ. ಫೋನ ಎಲ್ಲಿ ಇಡ್ತೀರಿ?"

ರಾಯರು ಚಂಚಿ ಬಿಚ್ಚಿ ತೋರಿಸಿದರು. ಅಡಕೊತ್ತಿನ ಹಿಡಿ ಸರಿಯಾಗಿ ಆ ಗುಂಡಿಗೆ ತಾಗುತ್ತಿತ್ತು. ನಡೆದಾಗ ಒತ್ತಿದೆ, ಕೂತಾಗ ಒತ್ತಿದೆ. ಮಾತಾಡಿದ್ದು ಚಂಚಿಯೇ. ದಾವಲಮಲಿಕ ಕಂಪನಿಗೆ ಫೋನ್ ಹಚ್ಚಿ ಇಂಟರ್ನೆಟ್ ಪೂರಾ ಬಂದ್ ಮಾಡಿಸಿ, ಇನ್ನು ಗುಂಡಿ ಒತ್ತಿದರೂ ಏನೂ ಆಗುವುದಿಲ್ಲ ಎಂದ.

ನನ್ನ ನಗು ನಿಂತದ್ದು ಇಲ್ಲಿ. ರಾಯರು ಕಟ್ಟೆಗೆ ಬರುವುದನ್ನೇ ಬಿಟ್ಟರು. ಕರೆಯಲು ಹೋದವರಿಗೆ ಲಕ್ಕವ್ವ ಬಾಗಿಲಲ್ಲೇ ಮೈಯಾಗ ನೆಟ್ಟಗಿಲ್ಲ ಎಂದು ಹೇಳಿ ಕಳಿಸುತ್ತಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಎಷ್ಟು ಮಂದಿಗೆ ಬುದ್ಧಿ ಹೇಳಿದ್ದರೋ ಆ ಮನುಷ್ಯ! ಸೊಸೆಯನ್ನು ಕರೆತರಲು ಮಗ ಹೋಗುವುದು ರೂಢಿ. ಈ ಸಲ ಮಾವನೇ ಹೊರಟರು. ಕನ್ನೊಳ್ಳಿಯ ಅಂಗಳದಲ್ಲಿ, ಕಾಲಿಗೆ ಕೊಟ್ಟ ನೀರನ್ನೂ ಮುಟ್ಟದೆ, ಮಗನ ವಯಸ್ಸಿನ ಅನೀಲಕುಮಾರನಿಗೆ ಕೈ ಮುಗಿದರು.

"ನಿನ್ನ ತಂಗಿದು ಏನೂ ತಪ್ಪಿಲ್ಲಪಾ. ಫೋನಿನ್ಯಾಗ ಇಂಟರ್ನೆಟ್ ಚಾಲೂ ಆಗಿತ್ತು. ಹಿಂದ ಮುಂದ ನೋಡಲಾರದ ಅಂದಬಿಟ್ಟೆ. ನಿಮಗ ಮಾರಿ ತೋರ್ಸಾಕ ನಾಚಿಕಿ ಆಗಾಕತ್ತೈತಿ."

"ಬಿಡ್ರಿ ಕಾಕಾರ, ನೀವು ದೊಡ್ಡವ್ರು" ಅಂದ ಅವನು. ಸುವರ್ಣಾ ತನ್ನ ಚೀಲ ತಂದಳು.

ನಮ್ಮೂರಿಗೆ ಮರಳಲು ಸಿಂದಗಿಯಲ್ಲಿ ಅವರು ಹತ್ತಿದ ಬಸ್ಸಿನಲ್ಲಿ ನಾನೂ ಇದ್ದೆ, ಅವರ ಹಿಂದಿನ ಸೀಟಿನಲ್ಲಿ. ಸಿಂದಗಿ ದಾಟುತ್ತಲೇ ಫೋನು ರಿಂಗಾಯಿತು. ರಾಯರು ಅದನ್ನು ಸೊಸೆಯ ಕಡೆ ಚಾಚಿದರು.

"ಸಂಜೀವಂದು. ಮಾತಾಡವ್ವ."

ಸುವರ್ಣಾ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು. "ನೀವ ಮಾತಾಡ್ರಿ ಮಾವಾರ. ಆ ಫೋನ ನಾ ಮುಟ್ಟಂಗಿಲ್ರಿ."

"ಎಲ್ಲಾ ಬಂದ್ ಮಾಡ್ಸೇನವ್ವ. ಇನ್ನ ಏನೂ ಹೋಗಂಗಿಲ್ಲ."

ಅವಳು ಕಿಟಕಿಯ ಕಡೆ ತಿರುಗಿದಳು. ಫೋನು ರಿಂಗಾಗುತ್ತಲೇ ಇತ್ತು. ಕೊನೆಗೆ ರಾಯರೇ ಗುಂಡಿ ಒತ್ತಿ ಅದನ್ನು ಸೊಸೆಯ ಕಿವಿಗೆ ಹಿಡಿದರು. ಅವಳು ಮೆಲ್ಲಗೆ ಹೂಂ, ಹೂಂ ಅನ್ನತೊಡಗಿದಳು, ಕೈ ಮಾತ್ರ ಸೆರಗಿನಿಂದ ಹೊರಗೆ ತೆಗೆಯಲಿಲ್ಲ. ತುಂಬಿದ ಬಸ್ಸಿನಲ್ಲಿ ಮಾವ ಸೊಸೆಯ ಕಿವಿಗೆ ಫೋನು ಹಿಡಿದು ಕೂತದ್ದನ್ನು ಮಂದಿಯೆಲ್ಲ ತಿರುತಿರುಗಿ ನೋಡಿದರು. ರಾಯರು ತಲೆ ತಗ್ಗಿಸಿದರು, ಆದರೆ ಅವಳ ಮಾತು ಮುಗಿಯುವ ತನಕ ಕೈ ಇಳಿಸಲಿಲ್ಲ.